ಆಗ್ನೇಯ ಏಷ್ಯಾದ ಊರು-ದ್ವೀಪಗಳ ದಿನಚರಿಯನ್ನು ಕಾಣುವ ಬಗೆ: ಮುಂಬೈ ಕನ್ನಡಿಗರಿಗೊಂದು ಕೈಪಿಡಿ

ದೀಪಾವಳಿಯ ರಜೆಯೋ ಏಪ್ರಿಲ್-ಮೇ ತಿಂಗಳ ಶಾಲಾ ರಜೆಯೋ ಹತ್ತಿರವಾಗುತ್ತಿದ್ದಂತೆ, ಮಾಟುಂಗಾದಿಂದ ಡೊಂಬಿವಲಿಯವರೆಗೆ ಹರಡಿಕೊಂಡಿರುವ ಮುಂಬೈ ಕನ್ನಡಿಗರ ಮನೆಗಳಲ್ಲಿ ಬ್ಯಾಂಕಾಕ್, ಸಿಂಗಾಪುರ, ಬಾಲಿಗಳ ಮಾತು ಏಳುತ್ತದೆ. ನೇರ ವಿಮಾನ ಹಿಡಿದರೆ ಬ್ಯಾಂಕಾಕ್‌ಗೆ ಸುಮಾರು ನಾಲ್ಕೂವರೆ ಗಂಟೆ, ಸಿಂಗಾಪುರಕ್ಕೆ ಐದೂವರೆ ಗಂಟೆ. ರಾತ್ರಿಯಿಡೀ ರೈಲಿನಲ್ಲಿ ಕುಳಿತು ಮಂಗಳೂರಿಗೋ ಉಡುಪಿಗೋ ಹೋಗುವವರಿಗೆ ಇದು ಹೆಚ್ಚಿನ ಪ್ರಯಾಣವಲ್ಲ. ಆದರೆ ಹೋಗಿ ಬಂದವರಲ್ಲಿ ಹೆಚ್ಚಿನವರು ಹೇಳುವುದು ದೋಣಿಯಾಟ, ಸಫಾರಿ ಪಾರ್ಕು, ಮಾಲ್‌ಗಳ ಸುದ್ದಿಯನ್ನು. ಹೋಟೆಲಿನಿಂದ ಬಸ್ಸಿಗೆ, ಬಸ್ಸಿನಿಂದ ಪ್ರೇಕ್ಷಣೀಯ ಸ್ಥಳಕ್ಕೆ, ಅಲ್ಲಿಂದ ಭಾರತೀಯ ಊಟದ ಮನೆಗೆ ಸಾಗುವ ಪ್ರವಾಸದಲ್ಲಿ ಆ ಊರಿನ ಜನ ಬೆಳಗ್ಗೆ ಏನು ತಿನ್ನುತ್ತಾರೆ, ಕೆಲಸಕ್ಕೆ ಹೇಗೆ ಹೋಗುತ್ತಾರೆ, ಸಂಜೆ ಎಲ್ಲಿ ಕೂಡುತ್ತಾರೆ ಎಂಬುದು ಕಣ್ಣಿಗೆ ಬೀಳುವ ಅವಕಾಶವೇ ಇರುವುದಿಲ್ಲ. ಅದನ್ನು ಕಾಣಬೇಕೆಂಬ ಆಸೆಯುಳ್ಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಸಲಹೆಯ ತಿರುಳು ಇಷ್ಟೇ: ನೋಡಬೇಕಾದ ಜಾಗಗಳ ಪಟ್ಟಿ ಮಾಡುವ ಮೊದಲು ನೋಡಬೇಕಾದ ಹೊತ್ತುಗಳ ಪಟ್ಟಿ ಮಾಡಿಕೊಳ್ಳಿ.

ಮೊದಲನೆಯದು ಊರಿನ ಆಯ್ಕೆ. ಒಂದು ವಾರದ ರಜೆಯಲ್ಲಿ ಮೂರು ದೇಶಗಳನ್ನು ಸುತ್ತುವ ಯೋಜನೆಯನ್ನು ಕೈಬಿಟ್ಟು, ಒಂದು ನಗರ ಮತ್ತು ಒಂದು ದ್ವೀಪಕ್ಕೆ ಮಾತ್ರ ಒಪ್ಪಿಕೊಳ್ಳಿ. ಮೊದಲ ಸಲ ಹೊರಟವರಿಗೆ ನಾನು ಮಲೇಷ್ಯಾದ ಪೆನಾಂಗ್ ಅನ್ನೇ ಸೂಚಿಸುತ್ತೇನೆ, ಏಕೆಂದರೆ ಅದು ದ್ವೀಪವೂ ಹೌದು, ಅದರ ಮೇಲಿರುವ ಜಾರ್ಜ್ ಟೌನ್ ನಡೆದೇ ನೋಡಬಹುದಾದ ಹಳೆಯ ಬಂದರು ನಗರವೂ ಹೌದು. 2008ರಲ್ಲಿ ಅದೇ ದೇಶದ ಮಲಕ್ಕಾದೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಊರಿನಲ್ಲಿ ಒಂದೇ ಬೀದಿಯ ಉದ್ದಕ್ಕೆ ಇಂಗ್ಲಿಷರ ಕಾಲದ ಇಗರ್ಜಿ, ಚೀನೀಯರ ಕರುಣಾದೇವಿಯ ಗುಡಿ, ಮಹಾಮಾರಿಯಮ್ಮನ್ ದೇವಸ್ಥಾನ ಮತ್ತು ತಮಿಳು ಮುಸಲ್ಮಾನರು ಕಟ್ಟಿಸಿದ ಕಪಿತಾನ್ ಕೆಲಿಂಗ್ ಮಸೀದಿಗಳಿವೆ. ಕಡಲಂಚಿನಲ್ಲಿ ಚೀನೀ ಕುಲಗಳು ಮರದ ಕಂಬಗಳ ಮೇಲೆ ಕಟ್ಟಿಕೊಂಡ ಮನೆಗಳ ಸಾಲುಗಳಿದ್ದು, ಒಂದೊಂದು ಕಟ್ಟೆಗೂ ಒಂದೊಂದು ಕುಲದ ಹೆಸರಿದೆ. ಅಲ್ಲಿ ಜನ ಇಂದಿಗೂ ಸಂಸಾರ ನಡೆಸುತ್ತಿದ್ದಾರೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮೆಲ್ಲನೆ ನಡೆಯಬೇಕು. ಗೋವಾದಲ್ಲಿ ನೆಲೆಸಿರುವ ಓದುಗರು ಸಾಧ್ಯವಾದರೆ ಮಲಕ್ಕಾಕ್ಕೂ ಹೋಗಲಿ. 1510ರಲ್ಲಿ ಗೋವಾವನ್ನು ಹಿಡಿದ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕನೇ ಮರುವರ್ಷ ಮಲಕ್ಕಾವನ್ನೂ ಹಿಡಿದ. ಇಂದು ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿರುವ ಸಂತ ಫ್ರಾನ್ಸಿಸ್ ಝೇವಿಯರನ ಶರೀರವನ್ನು ಗೋವಾಕ್ಕೆ ತರುವ ಮೊದಲು 1553ರಲ್ಲಿ ಕೆಲವು ತಿಂಗಳು ಮಲಕ್ಕಾದ ಗುಡ್ಡದ ಮೇಲಿನ ಇಗರ್ಜಿಯಲ್ಲಿ ಹೂಳಲಾಗಿತ್ತು. ಪೋರ್ಚುಗೀಸ್ ಮೂಲದ ಕ್ರಿಸ್ತಾಂಗ್ ಸಮುದಾಯದವರ ಕೇರಿ ಅಲ್ಲಿ ಇನ್ನೂ ಇದೆ.

ಕಾಲವನ್ನು ಆರಿಸುವಾಗ ಮಳೆ ಮತ್ತು ಹಬ್ಬ ಎರಡನ್ನೂ ನೋಡಬೇಕು. ಥಾಯ್ಲೆಂಡಿನ ಪಶ್ಚಿಮ ಕಡಲಿನ ಫುಕೆಟ್ ಮೊದಲಾದ ದ್ವೀಪಗಳಿಗೆ ನಮ್ಮ ಕರಾವಳಿಯಂತೆಯೇ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಪೂರ್ವದ ಕೊಲ್ಲಿಯಲ್ಲಿರುವ ಸಮುಯಿ ದ್ವೀಪಕ್ಕೆ ಹೆಚ್ಚಿನ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದ್ದರಿಂದ ದೀಪಾವಳಿ ರಜೆಗೆ ಸಮುಯಿಯ ಟಿಕೆಟ್ ತೆಗೆಯುವ ಮುನ್ನ ಎರಡು ಸಲ ಯೋಚಿಸಿ. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ ಇರುವುದರಿಂದ ಮೇ ತಿಂಗಳ ರಜೆಗೆ ಅದು ಸರಿಹೊಂದುತ್ತದೆ. ಥಾಯ್ ಜನರ ಹೊಸ ವರ್ಷವಾದ ಸೊಂಕ್ರಾನ್ ಏಪ್ರಿಲ್ 13ರಿಂದ 15ರವರೆಗೆ, ಅಂದರೆ ತುಳುನಾಡಿನ ಬಿಸುವಿನ ಹೊತ್ತಿಗೇ ಬರುತ್ತದೆ. ಆಗ ಬೀದಿಗಳಲ್ಲಿ ನೀರೆರಚಾಟ ಜೋರಾಗಿರುತ್ತದೆ, ಊರಿಗೆ ಹೊರಟವರಿಂದ ರೈಲು-ಬಸ್ಸುಗಳು ಕಿಕ್ಕಿರಿದಿರುತ್ತವೆ. ವಿಯೆಟ್ನಾಮಿನಲ್ಲಿ ಜನವರಿ-ಫೆಬ್ರವರಿಯ ನಡುವೆ ಬರುವ ಹೊಸ ವರ್ಷದ ತೆತ್ ಹಬ್ಬಕ್ಕೆ ಅಂಗಡಿಗಳು ದಿನಗಟ್ಟಲೆ ಮುಚ್ಚಿರುತ್ತವೆ. ಬಾಲಿಯ ನ್ಯೆಪಿ ಶಕ ವರ್ಷದ ಮೊದಲ ದಿನ. 2023ರಲ್ಲಿ ಅದು ನಮ್ಮ ಯುಗಾದಿಯ ದಿನವೇ, ಮಾರ್ಚ್ 22ರಂದು ಬಂದಿತ್ತು. ಅಂದು ಇಡೀ ದ್ವೀಪ ಮೌನದಲ್ಲಿರುತ್ತದೆ, ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ, ಪ್ರವಾಸಿಗರೂ ತಂಗಿದ ಮನೆಯಿಂದ ಹೊರಬರುವಂತಿಲ್ಲ. ಗಡಿಬಿಡಿಯ ಪ್ರವಾಸಕ್ಕೆ ಇದು ಅಡಚಣೆಯೆನಿಸಬಹುದು. ದೀಪಗಳಿಲ್ಲದ ದ್ವೀಪದ ಮೇಲಿನ ಆಕಾಶವನ್ನು ಒಂದು ರಾತ್ರಿ ನೋಡುವ ತಾಳ್ಮೆಯಿದ್ದವರು ಮಾತ್ರ ಆ ದಿನವನ್ನು ಬೇಕೆಂದೇ ಸೇರಿಸಿಕೊಳ್ಳಲಿ.

ಕಾಗದಪತ್ರಗಳ ವಿಷಯದಲ್ಲಿ ನಿಯಮಗಳು ಆಗಾಗ ಬದಲಾಗುವುದರಿಂದ, ಹೊರಡುವ ತಿಂಗಳಿನಲ್ಲಿ ಆಯಾ ದೇಶದ ಸರ್ಕಾರಿ ತಾಣವನ್ನೇ ನೋಡಬೇಕು. ಅದೇ ಹೆಸರನ್ನು ಹೋಲುವ ಖಾಸಗಿ ತಾಣಗಳು ಉಚಿತವಾದ ಅರ್ಜಿಗೂ ಹಣ ಕೇಳುತ್ತವೆ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಡಲು ಆರಂಭಿಸಿತು. ಥಾಯ್ಲೆಂಡಿಗೆ ಹೋಗುವವರು 2025ರ ಮೇ 1ರಿಂದ ಆನ್‌ಲೈನ್ ಆಗಮನ ಪತ್ರ ತುಂಬಬೇಕಾಗಿದೆ. ಬಾಲಿ 2024ರ ಫೆಬ್ರವರಿಯಿಂದ ವಿದೇಶಿ ಪ್ರವಾಸಿಗರಿಂದ 1,50,000 ರೂಪಿಯಾ ಶುಲ್ಕ ಪಡೆಯುತ್ತಿದೆ. ಗಂಟುಮೂಟೆ ಕಟ್ಟುವಾಗ ಒಂದು ಎಚ್ಚರಿಕೆ ನಮ್ಮ ಮನೆಗಳಿಗೆ ವಿಶೇಷವಾಗಿ ಬೇಕು: ಪಾಯಸಕ್ಕೆಂದು ನಾವು ಡಬ್ಬಿಯಲ್ಲಿಡುವ ಗಸಗಸೆ ಸಿಂಗಾಪುರದಲ್ಲಿ ನಿಷಿದ್ಧ ವಸ್ತು. ಅಲ್ಲಿರುವ ಮಗಳಿಗೋ ಸೊಸೆಗೋ ಎಂದು ಒಯ್ಯುವ ಮಸಾಲೆ ಪುಡಿಗಳಲ್ಲಿ ಅದು ಸೇರಿದೆಯೇ ಎಂದು ನೋಡಿಕೊಳ್ಳಿ. ಇ-ಸಿಗರೇಟು ಸಿಂಗಾಪುರ, ಥಾಯ್ಲೆಂಡ್ ಎರಡು ಕಡೆಯೂ ನಿಷಿದ್ಧ. ಮಾದಕ ವಸ್ತುಗಳ ಕಾನೂನು ಈ ಭಾಗದಲ್ಲಿ ಅತ್ಯಂತ ಕಠಿಣವಾಗಿದ್ದು, ಬೇರೆಯವರು ಕೊಟ್ಟ ಪೊಟ್ಟಣವನ್ನು ಯಾವ ಕಾರಣಕ್ಕೂ ಕೈಗೆತ್ತಿಕೊಳ್ಳಬಾರದು.

ತಂಗುವ ಮನೆಯನ್ನು ಪ್ರವಾಸಿಗರ ಬೀದಿಯಿಂದ ಎರಡು ನಿಲ್ದಾಣ ಆಚೆಗೆ, ಮೆಟ್ರೊ ಅಥವಾ ದೋಣಿಕಟ್ಟೆಗೆ ನಡೆದುಹೋಗುವ ದೂರದಲ್ಲಿ ಹಿಡಿಯಿರಿ. ಅಲ್ಲಿ ಶಾಲೆಯೊಂದು, ತರಕಾರಿ ಪೇಟೆಯೊಂದು, ಬೀದಿ ಬದಿಯ ಇಸ್ತ್ರಿ ಅಂಗಡಿಯೊಂದು ಇದ್ದರೆ ನಿಮಗೆ ಬೇಕಾದದ್ದೆಲ್ಲ ಇದೆ ಎಂದೇ ತಿಳಿಯಿರಿ. ಒಂದೇ ತಿಂಡಿಯಂಗಡಿಗೆ ಮೂರು ದಿನ ಬೆಳಗ್ಗೆ ಹೋದರೆ ನಾಲ್ಕನೆಯ ದಿನ ಅಂಗಡಿಯಾಕೆಯೇ ಕುರ್ಚಿ ಎಳೆದು ಕೊಡುತ್ತಾರೆ. ಊರು ಬದಲಿಸುತ್ತ ಹೋಗುವವರಿಗೆ ಈ ನಾಲ್ಕನೆಯ ದಿನ ಸಿಗುವುದೇ ಇಲ್ಲ.

ಇನ್ನು ಹೊತ್ತುಗಳ ವಿಷಯ. ಎಲ್ಲಕ್ಕಿಂತ ಬೆಲೆಬಾಳುವುದು ನಸುಕಿನಿಂದ ಬೆಳಗಿನ 9 ಗಂಟೆಯವರೆಗಿನ ಅವಧಿ. ಬಿಸಿಲು ಏರುವ ಮುನ್ನವೇ ದಿನದ ಮುಖ್ಯ ಕೆಲಸಗಳನ್ನು ಮುಗಿಸುವ ರೂಢಿ ಈ ಎಲ್ಲ ಊರುಗಳಲ್ಲಿದೆ. ಬ್ಯಾಂಕಾಕ್‌ನಲ್ಲಿ 6 ಗಂಟೆಯ ಸುಮಾರಿಗೆ ಕೇಸರಿ ಬಟ್ಟೆಯ ಭಿಕ್ಷುಗಳು ಬರಿಗಾಲಿನಲ್ಲಿ ಬೀದಿಗೆ ಬರುತ್ತಾರೆ, ಮನೆಯವರು ಮೆಟ್ಟು ಕಳಚಿ ಅವರ ಪಾತ್ರೆಗೆ ಅನ್ನ-ಪದಾರ್ಥಗಳನ್ನು ಹಾಕಿ, ಮಂಡಿಯೂರಿ ಆಶೀರ್ವಾದ ಪಡೆಯುತ್ತಾರೆ. ಇದನ್ನು ನೋಡುವವರು ರಸ್ತೆಯ ಆಚೆ ಬದಿಯಲ್ಲಿ ನಿಲ್ಲಬೇಕು. ಭಿಕ್ಷುಗಳನ್ನು ಹೆಂಗಸರು ಮುಟ್ಟಬಾರದೆಂಬ ನಿಯಮವಿರುವುದರಿಂದ ಬಸ್ಸು-ದೋಣಿಗಳಲ್ಲೂ ಅವರ ಪಕ್ಕದ ಜಾಗವನ್ನು ಹೆಂಗಸರು ಬಿಟ್ಟು ಕೂರುತ್ತಾರೆ. ಅಲ್ಲಿಂದ ಸನಾಮ್ ಚಾಯ್ ಮೆಟ್ರೊ ನಿಲ್ದಾಣಕ್ಕೆ ಹೋಗಿ ಹೊರಬಂದರೆ ಪಾಕ್ ಖ್ಲಾಂಗ್ ತಲಾತ್ ಎಂಬ ಹೂವಿನ ಪೇಟೆ. ರಾತ್ರಿಯೆಲ್ಲ ತೆರೆದಿರುವ ಈ ಪೇಟೆಯಲ್ಲಿ ಹೊತ್ತು ಮೂಡುವ ಮುನ್ನ ಸಗಟು ವ್ಯಾಪಾರ ನಡೆದು, ಬಳಿಕ ಹೆಂಗಸರು ಕುಳಿತು ಮಲ್ಲಿಗೆ, ಚೆಂಡುಹೂ, ಎಕ್ಕದ ಹೂಗಳನ್ನು ಪೋಣಿಸಿ ಮಾಲೆ ಮಾಡುತ್ತಿರುತ್ತಾರೆ. ಶನಿವಾರ ಬೆಳಗ್ಗೆ ದಾದರ್ ಹೂವಿನ ಪೇಟೆಯಲ್ಲಿ ಮಾರುತಿಗೆಂದು ಎಕ್ಕದೆಲೆಯ ಹಾರ ಕೊಳ್ಳುವವರಿಗೆ ಇಲ್ಲಿ ಎಕ್ಕದ ಬಿಳಿ ಮೊಗ್ಗುಗಳು ಬುದ್ಧನ ಮುಂದಿನ ಮಾಲೆಗೆ ಹೋಗುವುದನ್ನು ನೋಡಿ ಖಂಡಿತ ಸಂತೋಷವಾಗುತ್ತದೆ. ಮಾಲೆ ಎಲ್ಲಿಗೆ ಹೋಗುತ್ತದೆಂದು ನೋಡಬೇಕಿದ್ದರೆ ಕಣ್ಣೆತ್ತಿ ನೋಡಿದರೆ ಸಾಕು: ಟ್ಯಾಕ್ಸಿಯ ಕನ್ನಡಿಗೆ, ದೋಣಿಯ ಮೂತಿಗೆ, ಮನೆಯ ಅಂಗಳದಲ್ಲಿ ಭೂಮಿಯ ದೈವಕ್ಕೆಂದು ಕಂಬದ ಮೇಲೆ ನಿಲ್ಲಿಸಿದ ಪುಟ್ಟ ಗುಡಿಗೆ. ಆ ಗುಡಿಯ ಮುಂದೆ ಕೆಂಪು ಶರಬತ್ತಿನ ಬಾಟಲಿಗೆ ಸ್ಟ್ರಾ ಹಾಕಿ ಇಟ್ಟಿರುತ್ತಾರೆ.

ವಿಯೆಟ್ನಾಮಿನ ಹನೋಯ್‌ನಲ್ಲಿ ಇದೇ ಹೊತ್ತಿಗೆ ಹೋನ್ ಕಿಯೆಮ್ ಕೆರೆಯ ದಂಡೆಗೆ ಹೋಗಿ. 5 ಗಂಟೆಗೆಲ್ಲ ಹಿರಿಯರು ಗುಂಪುಗುಂಪಾಗಿ ವ್ಯಾಯಾಮ, ಬೀಸಣಿಗೆ ನೃತ್ಯ, ತಾಯ್ ಚಿ ಮಾಡುತ್ತಿರುತ್ತಾರೆ. ಪಕ್ಕದ ಹಳೆಯ ಕೇರಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು ಕಾಲುದಾರಿಗೆ ಬಂದು ಕೂರುತ್ತವೆ. ಬಾಲಿಯಲ್ಲಿ ಬೆಳಗೆಂದರೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂ, ಅನ್ನದ ಅಗುಳು, ಊದುಬತ್ತಿ ಇಟ್ಟು ಹೊಸ್ತಿಲಿಗೆ, ಅಂಗಡಿಯ ಗಲ್ಲೆಗೆ, ಸ್ಕೂಟರಿನ ಸೀಟಿಗೆ ಅರ್ಪಿಸುವ ಚನಾಂಗ್ ಸಾರಿ. ನೆಲದ ಮೇಲಿಟ್ಟಿರುವುದನ್ನು ದಾಟದೆ ಬಳಸಿ ನಡೆಯಬೇಕು. ಆ ಗರಿಯನ್ನು ಮಡಚಿ ಕಡ್ಡಿ ಚುಚ್ಚುವ ಕೈಗಳನ್ನು ಪೇಟೆಯ ಮೂಲೆಯಲ್ಲಿ ಕುಳಿತು ಅರ್ಧ ಗಂಟೆ ನೋಡಿದವರಿಗೆ, ಎಷ್ಟೋ ಪ್ರಸಿದ್ಧ ದೇವಾಲಯಗಳ ಮುಂದೆ ತೆಗೆದ ಫೋಟೊ ತಿಳಿಸದ ವಿಷಯ ತಿಳಿಯುತ್ತದೆ: ಆ ಭಕ್ತಿಯ ಬಹುಪಾಲು ಹೆಂಗಸರ ದಿನನಿತ್ಯದ ದುಡಿಮೆಯ ಮೇಲೆ ನಿಂತಿದೆ.

ಬೆಳಗಿನ ಎರಡನೆಯ ಭಾಗವನ್ನು ಕೆಲಸಕ್ಕೆ ಹೋಗುವವರ ಜೊತೆಗೇ ಕಳೆಯಿರಿ. ಲೋಕಲ್ ಹತ್ತಿ ಪಳಗಿದ ಮುಂಬೈಯವರಿಗೆ ಇದು ಕಷ್ಟವಲ್ಲ. ಬ್ಯಾಂಕಾಕ್‌ನ ಸೇನ್ ಸೇಪ್ ಕಾಲುವೆಯಲ್ಲಿ ಓಡುವ ದೋಣಿ ಕಟ್ಟೆಯಲ್ಲಿ ಕೆಲವೇ ಕ್ಷಣ ನಿಲ್ಲುತ್ತದೆ. ಹಗ್ಗ ಹಿಡಿದು ಒಳಗೆ ಇಳಿಯಬೇಕು, ಹೆಲ್ಮೆಟ್ ತೊಟ್ಟ ಕಂಡಕ್ಟರ್ ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಲೇ ಟಿಕೆಟ್ ಕೊಡುತ್ತಾರೆ, ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಂಚಿನಲ್ಲಿ ಕೂತವರು ಹಗ್ಗವೆಳೆದು ತಾಡಪತ್ರೆಯನ್ನು ಮೇಲೆತ್ತಿ ನೀರಿನ ಎರಚಲನ್ನು ತಡೆಯುತ್ತಾರೆ. ಆ ಕೆಲಸ ನಿಮ್ಮ ಪಾಲಿಗೂ ಬರಬಹುದು. 8 ಗಂಟೆಗೆ ನೀವು ನಿಲ್ದಾಣದಲ್ಲೋ ಉದ್ಯಾನದಲ್ಲೋ ಇದ್ದರೆ ರಾಷ್ಟ್ರಗೀತೆ ಕೇಳಿಸುತ್ತದೆ, ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಸಂಜೆ 6ಕ್ಕೂ ಹಾಗೆಯೇ. ನೀವೂ ನಿಲ್ಲಿ. ಅರಸೊತ್ತಿಗೆಯ ಬಗ್ಗೆ ಹಗುರವಾದ ಮಾತು ಆ ದೇಶದಲ್ಲಿ ಶಿಕ್ಷಾರ್ಹ ಅಪರಾಧವೆಂಬುದನ್ನೂ ಮಕ್ಕಳಿಗೆ ಮೊದಲೇ ತಿಳಿಸಿರಿ. ಜಕಾರ್ತಾದ ಲೋಕಲ್ ರೈಲಿನಲ್ಲಿ ಮೊದಲ ಮತ್ತು ಕೊನೆಯ ಬೋಗಿಗಳು ಹೆಂಗಸರಿಗೆ ಮೀಸಲು. ಹನೋಯ್‌ನಲ್ಲಿ ರಸ್ತೆ ದಾಟುವುದಕ್ಕೆ ಒಂದೇ ಕ್ರಮ: ಒಂದೇ ವೇಗದಲ್ಲಿ, ಹಿಂದಕ್ಕೆ ಹೆಜ್ಜೆಯಿಡದೆ, ಓಡದೆ ನಡೆಯುವುದು, ಸ್ಕೂಟರಿನವರು ನಿಮ್ಮ ನಡಿಗೆಯನ್ನು ಅಳೆದು ಬಳಸಿಕೊಂಡು ಹೋಗುತ್ತಾರೆ. ಬಸ್ಸು-ಕಾರುಗಳು ಹಾಗೆ ಬಳಸಿ ಹೋಗಲಾರವು, ಅವುಗಳಿಗೆ ದಾರಿ ಬಿಡಬೇಕು.

ಊಟದ ಪ್ರಶ್ನೆ ನಮ್ಮವರಿಗೆ ದೊಡ್ಡದು, ಅದರಲ್ಲೂ ಸಸ್ಯಾಹಾರಿಗಳಿಗೆ. ಇದೇ ಭಯದಿಂದ ಪ್ರತಿ ಹೊತ್ತೂ ಭಾರತೀಯ ಹೋಟೆಲಿಗೆ ಹೋಗುವವರು ಊರಿನ ಅರ್ಧ ಬದುಕನ್ನು ಕಳೆದುಕೊಳ್ಳುತ್ತಾರೆ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದ 'ಜೇ' ಗುರುತನ್ನು ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮ ಮಡಿವಂತ ಅಜ್ಜಿಯರೂ ನೆಮ್ಮದಿಯಿಂದ ಉಣ್ಣಬಹುದು. ಚೀನೀ ಚಾಂದ್ರಮಾನದ ಒಂಬತ್ತನೆಯ ತಿಂಗಳಿನ ಮೊದಲ ಒಂಬತ್ತು ದಿನ, ಹಲವು ವರ್ಷ ನಮ್ಮ ನವರಾತ್ರಿಯ ಆಸುಪಾಸಿನಲ್ಲೇ, ಫುಕೆಟ್‌ನಲ್ಲಿ ನಡೆಯುವ ಸಸ್ಯಾಹಾರ ಹಬ್ಬದಲ್ಲಿ ಬೀದಿಬೀದಿಯಲ್ಲೂ ಈ ಬಾವುಟ ಹಾರುತ್ತದೆ. ವಿಯೆಟ್ನಾಮಿನಲ್ಲಿ 'ಚಾಯ್' ಎಂಬ ಫಲಕ ಅದೇ ಕೆಲಸ ಮಾಡುತ್ತದೆ. ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನಗಳಲ್ಲಿ ಅನೇಕ ಬೌದ್ಧರು ಸಸ್ಯಾಹಾರ ಪಾಲಿಸುವುದರಿಂದ ಅಂದು ಹುಡುಕಾಟ ಸುಲಭ. ಈ ಫಲಕಗಳಿಲ್ಲದ ಕಡೆ ತರಕಾರಿ ಪಲ್ಯವೆಂದು ಬಡಿಸಿದ್ದರಲ್ಲೂ ಮೀನಿನ ರಸವೋ ಸಿಗಡಿಯ ಗಟ್ಟಿ ಹಿಟ್ಟೋ ಸೇರಿರುತ್ತದೆ. ಇಂಡೋನೇಷ್ಯಾದಲ್ಲಿ ಈ ಸಿಗಡಿ ಹಿಟ್ಟನ್ನು ತೆರಾಸಿ ಎನ್ನುತ್ತಾರೆ, ಮಲೇಷ್ಯಾದಲ್ಲಿ ಬೆಲಾಚನ್. 'ತಿಡಾಕ್ ಪಾಕೆ ತೆರಾಸಿ' ಎಂದು ಬಾಲಿಯ ವಾರುಂಗ್ ಎಂಬ ಸಣ್ಣ ಊಟದಂಗಡಿಯಲ್ಲಿ ಹೇಳಿದರೆ ಅದಿಲ್ಲದೆ ಮಾಡಿಕೊಡಬಲ್ಲರೇ ಎಂದು ತಿಳಿಸುತ್ತಾರೆ. ಜಾವಾದವರು ಸೋಯಾ ಕಾಳನ್ನು ಹುದುಗಿಸಿ ಮಾಡುವ ತೆಂಪೆಯನ್ನು ಹುರಿದು ಕೊಟ್ಟರೆ ಒಂದು ಹೊತ್ತಿನ ಊಟಕ್ಕೆ ಅದೇ ಸಾಕು.

ಸಿಂಗಾಪುರದ ಹಾಕರ್ ಸೆಂಟರ್‌ಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬೀದಿಯಲ್ಲಿ ಗಾಡಿಯಿಟ್ಟು ಮಾರುತ್ತಿದ್ದವರನ್ನು ಓಡಿಸಿಬಿಡದೆ, ನೀರು, ಒಳಚರಂಡಿ, ಚಾವಣಿಯಿರುವ ಕಟ್ಟಡಗಳಿಗೆ ಸರ್ಕಾರ ತಂದು ಕೂರಿಸಿದ್ದರ ಫಲ ಅವು. 2020ರಲ್ಲಿ ಯುನೆಸ್ಕೋ ಈ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಫೇರಿವಾಲಾಗಳ ತಗಾದೆಯನ್ನು ದಿನವೂ ನೋಡುವ ಮುಂಬೈಯವರು ಒಂದು ಮಧ್ಯಾಹ್ನ ಅಲ್ಲಿ ಕುಳಿತು ಆ ವ್ಯವಸ್ಥೆಯನ್ನು ಗಮನಿಸಲೇಬೇಕು. ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವಿದ್ದರೆ ಆ ಜಾಗ ಹಿಡಿದಾಗಿದೆ ಎಂದರ್ಥ. ಉಂಡ ಮೇಲೆ ತಟ್ಟೆಯನ್ನು ನಿಗದಿತ ಸ್ಥಳಕ್ಕೆ ಒಯ್ದು ಇಡದಿದ್ದರೆ 2021ರಿಂದ ದಂಡ ಬೀಳಬಹುದು. ಕಾಫಿಗೆ 'ಕೋಪಿ' ಎಂದರೆ ಗಟ್ಟಿ ಸಿಹಿ ಹಾಲಿನದು, 'ಕೋಪಿ ಓ' ಎಂದರೆ ಹಾಲಿಲ್ಲದ ಸಕ್ಕರೆ ಕಾಫಿ, ಕೊನೆಗೆ 'ಕೊಸೋಂಗ್' ಸೇರಿಸಿದರೆ ಸಕ್ಕರೆಯೂ ಇಲ್ಲ. ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸುವುದನ್ನು ಹತ್ತಿರದಿಂದ ನೋಡಿ. ಮಲೇಷ್ಯಾದಲ್ಲಿ ಅದೇ ಜಾಗವನ್ನು ತಮಿಳು ಮುಸಲ್ಮಾನರ ಮಾಮಕ್ ಅಂಗಡಿಗಳು ತುಂಬುತ್ತವೆ. ನಡುರಾತ್ರಿಯ ತನಕ ಮಲಯರು, ಚೀನೀಯರು, ತಮಿಳರು ಒಂದೇ ಕಡೆ ರೊಟಿ ಚನಾಯ್ ಮತ್ತು ಎತ್ತರದಿಂದ ಸುರಿದು ನೊರೆ ಬರಿಸಿದ ತೆಹ್ ತಾರಿಕ್ ಚಹಾ ಮುಂದಿಟ್ಟುಕೊಂಡು ಕೂತಿರುತ್ತಾರೆ.

ಸಂಜೆಗೆ ಸಿಂಗಾಪುರದ ಸರ್ಕಾರಿ ವಸತಿ ಬಡಾವಣೆಯೊಂದರಲ್ಲಿ ಸುಮ್ಮನೆ ನಡೆಯಿರಿ. ದೇಶದ ನಿವಾಸಿಗಳಲ್ಲಿ ಮುಕ್ಕಾಲಿಗೂ ಹೆಚ್ಚು ಮಂದಿ ಇಂಥ ಎಚ್‌ಡಿಬಿ ಮನೆಗಳಲ್ಲೇ ಇದ್ದಾರೆ. 1989ರಿಂದ ಪ್ರತಿ ಕಟ್ಟಡದಲ್ಲೂ ಚೀನೀ, ಮಲಯ, ಭಾರತೀಯ ಕುಟುಂಬಗಳ ಪ್ರಮಾಣಕ್ಕೆ ಮಿತಿ ಹಾಕಿ ಒಂದೇ ಜನಾಂಗದ ಕೇರಿಗಳು ಬೆಳೆಯದಂತೆ ನೋಡಿಕೊಂಡಿದ್ದಾರೆ. ಕಟ್ಟಡದ ಕೆಳ ಅಂತಸ್ತನ್ನು ಮನೆಗಳಿಲ್ಲದೆ ತೆರೆದಿಟ್ಟಿರುತ್ತಾರೆ. ಒಂದು ದಿನ ಅಲ್ಲಿ ಮಲಯರ ಮದುವೆ, ಇನ್ನೊಂದು ದಿನ ಚೀನೀಯರ ಶವಸಂಸ್ಕಾರದ ವಿಧಿ, ಉಳಿದ ದಿನಗಳಲ್ಲಿ ಹಿರಿಯರ ಚದುರಂಗ. ಮುಂಬೈಯ ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಅದೇ ಕೆಳ ಅಂತಸ್ತನ್ನು ಕಾರುಗಳಿಗೆ ಬಿಟ್ಟುಕೊಟ್ಟಿದ್ದೇವೆ ಎಂಬುದು ಅಲ್ಲಿ ನಿಂತಾಗ ಮನಸ್ಸಿಗೆ ನಾಟುತ್ತದೆ.

ದೇವಸ್ಥಾನಗಳಲ್ಲಿ ಮೊಣಕಾಲು-ಹೆಗಲು ಮುಚ್ಚುವ ಬಟ್ಟೆ ಎಲ್ಲ ಕಡೆ ಬೇಕು. ಬಾಲಿಯಲ್ಲಿ ಪಂಚೆಯಂಥ ಸರೋಂಗ್ ಉಟ್ಟು ಸೊಂಟಕ್ಕೆ ಪಟ್ಟಿ ಕಟ್ಟಬೇಕು. ಬುದ್ಧನ ಕಡೆಗೆ ಕಾಲು ಚಾಚಿ ಕೂರಬಾರದು. ಬ್ಯಾಂಕಾಕ್‌ನ ಎರಾವಾನ್ ಗುಡಿಯಲ್ಲಿ 1956ರಿಂದ ಪೂಜೆಗೊಳ್ಳುತ್ತಿರುವವನು ನಾಲ್ಕು ಮುಖದ ಬ್ರಹ್ಮ. ಬೇಡಿಕೆ ಈಡೇರಿದವರು ಹರಕೆಯಾಗಿ ನರ್ತಕಿಯರಿಂದ ನೃತ್ಯ ಸೇವೆ ಮಾಡಿಸುವುದನ್ನು ಅಲ್ಲಿ ಕಾಣಬಹುದು. ಯಕ್ಷಗಾನದ ಹರಕೆ ಆಟ ಆಡಿಸುವ ಊರಿನಿಂದ ಬಂದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ದ್ವೀಪಗಳಿಗೆ ಹೋದಾಗ ಸಮಯದ ಲೆಕ್ಕವನ್ನೇ ಬದಲಿಸಬೇಕು. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ. ಆದ್ದರಿಂದ ದ್ವೀಪದಿಂದ ಮರಳುವ ದಿನವೇ ಮುಂಬೈಯ ವಿಮಾನವನ್ನು ಕಾಯ್ದಿರಿಸಬೇಡಿ. ಬಾಲಿಯ ಪಕ್ಕದ ಲೊಂಬೋಕ್ ಬಳಿಯ ಮೂರು ಗಿಲಿ ದ್ವೀಪಗಳಲ್ಲಿ ಪೆಟ್ರೋಲ್ ವಾಹನಗಳಿಲ್ಲ, ಸಾಮಾನು ಕುದುರೆಗಾಡಿಯಲ್ಲಿ ಬರುತ್ತದೆ. ಬಾಲಿಯಲ್ಲಿ ಸ್ಕೂಟರ್ ಬಾಡಿಗೆಗೆ ಸುಲಭವಾಗಿ ಸಿಕ್ಕರೂ, ಇಲ್ಲಿನ ಆರ್‌ಟಿಒದಿಂದ ದ್ವಿಚಕ್ರಕ್ಕೂ ಅನ್ವಯಿಸುವ ಅಂತಾರಾಷ್ಟ್ರೀಯ ಪರವಾನಗಿ ಪಡೆಯದೆ ಓಡಿಸಬಾರದು, ಅಪಘಾತವಾದರೆ ವಿಮೆಯ ಹಣ ಬರುವುದಿಲ್ಲ. ಸಮುದ್ರತೀರದಲ್ಲೇ ಉಳಿಯದೆ ಒಳನಾಡಿಗೆ ಒಂದು ದಿನ ಹೋಗಿ ಜತಿಲುವಿಹ್‌ನ ಗದ್ದೆಗಳನ್ನು ನೋಡಿ. ಮೇಲಿನ ಗದ್ದೆಯವನು ಕೆಳಗಿನವನಿಗೆ ಎಷ್ಟು ನೀರು ಬಿಡಬೇಕು, ಯಾವಾಗ ನಾಟಿ ಮಾಡಬೇಕು ಎಂಬುದನ್ನು ಸುಬಕ್ ಎಂಬ ರೈತರ ಸಂಘ ನೀರಿನ ಗುಡಿಯ ವಿಧಿಗಳೊಂದಿಗೆ ಕೂಡಿಸಿ ತೀರ್ಮಾನಿಸುತ್ತದೆ. 2012ರಲ್ಲಿ ಅದೂ ವಿಶ್ವ ಪರಂಪರೆಯಾಯಿತು. ಹಳ್ಳಿಯ ಮಟ್ಟದಲ್ಲಿ ಬಂಜಾರ್ ಎಂಬ ಇನ್ನೊಂದು ಕೂಟವಿದ್ದು, ಅದರ ಚಾವಡಿಯಲ್ಲಿ ಸಂಜೆ ಮಕ್ಕಳು ಗಮೆಲಾನ್ ವಾದ್ಯಗಳ ಅಭ್ಯಾಸ ಮಾಡುತ್ತಿದ್ದರೆ ಹೊರಗೆ ಕಟ್ಟೆಯ ಮೇಲೆ ಕೂತು ಕೇಳಲು ಯಾರದೂ ಅಡ್ಡಿಯಿರುವುದಿಲ್ಲ. ಪ್ರವಾಸಿಗರ ದಟ್ಟಣೆ ದ್ವೀಪಗಳನ್ನು ಹೇಗೆ ದಣಿಸುತ್ತದೆ ಎಂಬುದಕ್ಕೆ ಥಾಯ್ಲೆಂಡಿನ ಮಾಯಾ ಕೊಲ್ಲಿ ಸಾಕ್ಷಿ. ಹವಳಗಳು ಹಾಳಾದವೆಂದು 2018ರಲ್ಲಿ ಮುಚ್ಚಿದ ಅದನ್ನು 2022ರಲ್ಲಿ ಮಿತಿಗಳೊಂದಿಗೆ ತೆರೆದರು. ಅದೇ 2018ರಲ್ಲಿ ಫಿಲಿಪ್ಪೀನ್ಸ್‌ನ ಬೊರಾಕೈಯನ್ನೂ ಆರು ತಿಂಗಳು ಮುಚ್ಚಿದ್ದರು. ಹವಳದ ಮೇಲೆ ಕಾಲಿಡಬೇಡಿ, ಚಿಪ್ಪುಗಳನ್ನು ಚೀಲಕ್ಕೆ ಹಾಕಬೇಡಿ.

ಹಣದ ವಿಷಯದಲ್ಲಿ ಸೊನ್ನೆಗಳ ಮೇಲೆ ಕಣ್ಣಿಡಿ: ವಿಯೆಟ್ನಾಮಿನ 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ, ಮಂದ ಬೆಳಕಿನಲ್ಲಿ ಒಂದರ ಬದಲು ಇನ್ನೊಂದನ್ನು ಕೊಡುವುದು ಸುಲಭ. ಮಾತಿಗೆ ತೊಡಗುವಾಗ ನಮ್ಮಲ್ಲಿ ಅಣ್ಣ, ಅಕ್ಕ ಎನ್ನುವಂತೆ ಅಲ್ಲಿಯೂ ನಂಟಿನ ಮಾತಿನಿಂದಲೇ ಕರೆಯುತ್ತಾರೆ. ಥಾಯ್ ಜನರಲ್ಲಿ ಹಿರಿಯರಿಗೆ 'ಪೀ', ಇಂಡೋನೇಷ್ಯಾದಲ್ಲಿ ಗಂಡಸರಿಗೆ 'ಪಾಕ್', ಹೆಂಗಸರಿಗೆ 'ಬೂ', ಮಲಯರಲ್ಲಿ ಅಣ್ಣನಿಗೆ 'ಅಬಾಂಗ್', ಅಕ್ಕನಿಗೆ 'ಕಾಕಾಕ್'. ಹೀಗೆ ಕರೆದು, ಕೊಳ್ಳುವುದನ್ನು ಕೊಂಡು, ಆಮೇಲೆ ಫೋಟೊ ತೆಗೆಯಬಹುದೇ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ. ಬೇಡವೆಂದರೆ ಕ್ಯಾಮೆರಾ ಕೆಳಗಿಳಿಸಬೇಕು.

ಪ್ರತಿ ರಾತ್ರಿ ಮಲಗುವ ಮುನ್ನ ಅರ್ಧ ಪುಟ ಬರೆದಿಡಿ. 'ತುಂಬ ಚೆನ್ನಾಗಿತ್ತು' ಎಂಬಂಥ ಮಾತುಗಳನ್ನು ಬಿಟ್ಟು, ಒಂದು ಲೋಟ ಕಾಫಿಯ ಬೆಲೆ, ಅಂಗಡಿ ತೆರೆದ ಹೊತ್ತು, ದೋಣಿಯಲ್ಲಿ ಪಕ್ಕ ಕೂತವರ ಕೆಲಸ, ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರ ಇವನ್ನು ಬರೆಯಿರಿ. ಒಬ್ಬ ಚಾಲಕ ಹೇಳಿದ್ದನ್ನು ಇಡೀ ದೇಶದ ಸ್ವಭಾವವೆಂದು ಬರೆಯದೆ, ಆ ಚಾಲಕನ ಮಾತೆಂದೇ ದಾಖಲಿಸಿ. ಮರುದಿನ ಅದೇ ಪ್ರಶ್ನೆಯನ್ನು ಇನ್ನಿಬ್ಬರಿಗೆ ಕೇಳಿ. ಮನೆಯ ಮಕ್ಕಳಿಗೂ ಒಂದು ಪುಸ್ತಕ ಕೊಟ್ಟು, ಅವರು ಕಂಡದ್ದನ್ನು ಅವರೇ ಬರೆಯಲು ಬಿಡಿ, ತಿದ್ದಬೇಡಿ.